ಮುಟ್ಟಿನ ಕಪ್: ನಾಲ್ಕು ವರ್ಷ ಉಪಯೋಗಿಸಿದ ಮೇಲೆ

ಮುಟ್ಟಿನ ದಿನಗಳಲ್ಲಿ ಪ್ಯಾಡಿನ ಬದಲು ಒಳಗೆ ಇಟ್ಟುಕೊಂಡು ರಕ್ತ ಹಿಡಿಯುವ ಸಣ್ಣ ಬಟ್ಟಲು ಈ ಕಪ್. ಇದನ್ನು ತಗೊಂಡ ತಿಂಗಳಲ್ಲೇ ಬರೆದ ರಿವ್ಯೂಗಳು ನೆಟ್ಟಲ್ಲಿ ಬೇಕಾದಷ್ಟು ಉಂಟು, ಒಂದೋ ಆಕಾಶಕ್ಕೆ ಏರಿಸ್ತಾರೆ ಇಲ್ಲದಿದ್ರೆ ದುಡ್ಡು ದಂಡ ಅಂತಾರೆ. ನಾನು ಉಪಯೋಗಿಸ್ಲಿಕ್ಕೆ ಶುರು ಮಾಡಿ ನಾಲ್ಕು ವರ್ಷಕ್ಕೆ ಮೇಲಾಯ್ತು, ಅದೇ ಒಂದು ಕಪ್, ಹಾಗಾಗಿ ಸ್ವಲ್ಪ ನಿಧಾನಕ್ಕೆ ಕೂತು ಹೇಳಬಹುದು ಅಂತ ಕಾಣ್ತದೆ. ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ ತೋಟದ ಮನೆ ನಮ್ಮದು, ಅತ್ತೆ, ಓರಗಿತ್ತಿ, ನಾನು, ಪ್ಲಸ್ ಟು ಓದುವ ಮಗಳು, ಹೆಂಗಸರೇ ಜಾಸ್ತಿ.

ತಗೊಂಡದ್ದು ಕಸದ ಉಪದ್ರ ತಡೆಯದೆ. ಹಸಿ ಕಸ ನಮಗೆ ಕಸವೇ ಅಲ್ಲ, ದನದ ಬಾಯಿಗೋ ತೆಂಗಿನ ಬುಡಕ್ಕೋ ಹೋಗ್ತದೆ. ಪ್ಲಾಸ್ಟಿಕ್ ತೊಳೆದು ಒಣಗಿಸಿ ಇಟ್ರೆ ಮನೆ ಮನೆಯಿಂದ ಕಸ ಒಟ್ಟು ಮಾಡುವ ಹರಿತ ಕರ್ಮ ಸೇನೆಯ ಹೆಂಗಸರು ಬಂದು ಗೋಡೆಯ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದು 50 ರೂಪಾಯಿ ರಶೀದಿ ಕೊಟ್ಟು ತಗೊಂಡು ಹೋಗ್ತಾರೆ. ಅಂಗಡಿಗೆ ಬಟ್ಟೆ ಚೀಲ, ಪಾರ್ಸೆಲ್ ತರ್ಲಿಕ್ಕೆ ಸ್ಟೀಲ್ ಡಬ್ಬಿ, ಜಂಬ್ರದ ಊಟಕ್ಕೆ ಅಡಿಕೆ ಹಾಳೆಯ ತಟ್ಟೆ, ಇದೆಲ್ಲ 2020ರ ಜನವರಿಯಲ್ಲಿ ಕೇರಳದಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಂದ್ ಮಾಡಿದ ಮೇಲೆ ಹೇಗೋ ಅಭ್ಯಾಸ ಆಯ್ತು. ಉಳಿದದ್ದು ಪ್ಯಾಡ್. ಅದನ್ನು ನಮ್ಮಲ್ಲಿ ಸೇನೆಯವರು ತಗೊಳ್ಳುವುದಿಲ್ಲ. ತಗೊಳ್ಳಿ ಅಂತ ಹೇಳ್ಲಿಕ್ಕೆ ನಮಗೂ ಮುಖ ಇಲ್ಲ, ಅವರೂ ಇದೇ ಊರಿನ ಹೆಂಗಸರು, ಇನ್ನೊಬ್ಬರ ಮನೆಯದ್ದು ಯಾಕೆ ಕೈಯಲ್ಲಿ ಮುಟ್ಟಬೇಕು.

ಹಾಗಾಗಿ ಎಲ್ಲ ಬಚ್ಚಲ ಒಲೆಗೆ. ತೋಟದ ಮನೆಗಳಲ್ಲಿ ಹೆಚ್ಚಿನವರು ಮಾಡುವುದು ಇದನ್ನೇ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೆ. ಪ್ಯಾಡಿನ ಮೇಲಿನ ಪದರ, ಅಡಿಯ ಪದರ ಎರಡೂ ಪ್ಲಾಸ್ಟಿಕ್, ಅದು ಭರ್ರಂತ ಹೊತ್ತಿ ಕರಗ್ತದೆ, ಆದ್ರೆ ಒಳಗಿನ ಜೆಲ್ ಉಂಟಲ್ಲ, ಒದ್ದೆ ಹೀರಿ ಉಬ್ಬಿದ್ದು, ಅದು ಸುಡುವುದೇ ಇಲ್ಲ ಮಾರಾಯ್ರೆ. ಬೆಳಿಗ್ಗೆ ಬೂದಿ ಬಾಚುವಾಗ ಅರ್ಧ ಬೆಂದ ಕಪ್ಪು ಮುದ್ದೆ ಕೈಗೆ ಸಿಗ್ತದೆ, ಅದನ್ನು ಹೆಕ್ಕಿ ಎಲ್ಲಿಗೆ ಬಿಸಾಡುವುದು? ಹೊಗೆ ಬೇರೆ, ಸ್ನಾನಕ್ಕೆ ಹೋದವರ ಮೂಗಿಗೇ. ಸರಿಯಾಗಿ ಸುಡಬೇಕಾದ್ರೆ 800 ಡಿಗ್ರಿಗಿಂತ ಮೇಲೆ ಬಿಸಿ ಬೇಕಂತೆ, ಸೋಗೆ ಮಡಲಿನ ಒಲೆ ಎಲ್ಲಿ, ಅದೆಲ್ಲಿ.

ಮೊದಲು ಬಟ್ಟೆ ಪ್ಯಾಡ್ ತರಿಸಿದ್ದು. ಬೇಸಿಗೆಯಲ್ಲಿ ಅದರಷ್ಟು ಸುಖ ಬೇರೆ ಇಲ್ಲ, ಅಂಗಳಕ್ಕೆ ಹಾಕಿದ್ರೆ ಮಧ್ಯಾಹ್ನಕ್ಕೆ ಗರಿಗರಿ. ಆಟಿ ಮಳೆ ಹಿಡಿದ್ರೆ ಕಥೆ ಮುಗೀತು, ಒಳಗೆ ಹಗ್ಗದಲ್ಲಿ ಹಾಕಿದ್ರೆ ಮುಗ್ಗಲು ವಾಸನೆ, ಒಲೆಯ ಮೇಲೆ ಅಟ್ಟದಲ್ಲಿಟ್ರೆ ಹೊಗೆ ವಾಸನೆ, ಸರಿ ಒಣಗದ್ದನ್ನೇ ಹಾಕಿಕೊಂಡ್ರೆ ತುರಿಕೆ ಗ್ಯಾರಂಟಿ.

ಕಪ್ ಆನ್‌ಲೈನಲ್ಲಿ ತರಿಸಿದ್ದು, ನಾನೂರರ ಆಸುಪಾಸು. ಮೆಡಿಕಲ್ ಗ್ರೇಡ್ ಸಿಲಿಕೋನ್, ಮೆತ್ತಗೆ, ಅಡಿಯಲ್ಲಿ ಒಂದು ಬಾಲ. ಸಾಮಾನ್ಯವಾಗಿ ಹೆರಿಗೆ ಆಗದವರಿಗೆ ಸಣ್ಣ ಸೈಜ್, ಆದವರಿಗೆ ದೊಡ್ಡದು ಅಂತಾರೆ. ಜತೆಗೆ ಬಂದ ಚೀಟಿಯಲ್ಲಿ ಮಲಯಾಳ ಉಂಟು, ಇಂಗ್ಲಿಷ್ ಉಂಟು, ಹಿಂದಿಯೂ ಉಂಟು, ಕನ್ನಡದ ಒಂದು ಸಾಲಿಲ್ಲ. ನನಗೆ ಮಲಯಾಳ ಓದ್ಲಿಕ್ಕೆ ಬರ್ತದೆ, ಓರಗಿತ್ತಿ ಸುಳ್ಯದಿಂದ ಬಂದವಳು, ಅವಳಿಗೆ ನಾನೇ ಓದಿ ಹೇಳಬೇಕಾಯ್ತು, ಇಂಥ ವಿಷಯವನ್ನು ಇನ್ನೊಬ್ಬರ ಬಾಯಲ್ಲಿ ಕೇಳುವ ನಾಚಿಕೆ ಕಂಪೆನಿಯವರಿಗೆ ಎಲ್ಲಿ ಗೊತ್ತಾಗ್ಬೇಕು. ಇದಕ್ಕೆ ಒಂದು ಸ್ಟಾರ್ ಕಟ್.

ಮೊದಲ ಎರಡು ಮೂರು ತಿಂಗಳು ಕಲಿಯುವುದರಲ್ಲೇ ಹೋಗ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಇಂಗ್ಲಿಷ್ ಸಿ ಅಕ್ಷರದ ಹಾಗೆ ಮಡಚುವುದು ನನಗೆ ಆಗ್ಲಿಲ್ಲ, ಬಾಯಿಯ ಒಂದು ಬದಿಯನ್ನು ಬೆರಳಲ್ಲಿ ಒಳಗೆ ಒತ್ತಿ ಚೂಪು ಮಾಡುವ ಕ್ರಮ ಉಂಟು, ಅದು ಸುಲಭ. ಒಳಗೆ ಹೋದ ಮೇಲೆ ಬುಡದ ಸುತ್ತ ಒಂದು ಬೆರಳು ಆಡಿಸಿ ನೋಡಬೇಕು, ಎಲ್ಲಿಯಾದ್ರೂ ಮಡಿಕೆ ಸಿಕ್ಕಿದ್ರೆ ಕಪ್ ಪೂರ್ತಿ ಬಿಚ್ಚಿಕೊಳ್ಳಲಿಲ್ಲ ಅಂತ ಅರ್ಥ, ಸ್ವಲ್ಪ ತಿರುಗಿಸಿದ್ರೆ ಅರಳ್ತದೆ. ಲೀಕ್ ಆಗ್ತದೆ ಅಂತ ಬಯ್ಯುವವರಲ್ಲಿ ಹೆಚ್ಚಿನವರು ಇದನ್ನು ನೋಡುವುದಿಲ್ಲ ಅಂತ ನನ್ನ ಗುಮಾನಿ. ತೆಗೆಯುವಾಗ ಬಾಲ ಹಿಡಿದು ಎಳೆಯಬಾರದು, ಬುಡವನ್ನು ಚಿವುಟಿ ಗಾಳಿ ಬಿಡಬೇಕು, ಕುಕ್ಕರಗಾಲಲ್ಲಿ ಕೂತರೆ ತಾನಾಗಿ ಕೆಳಗೆ ಬರ್ತದೆ, ಈ ಕೆಲಸಕ್ಕೆ ನಮ್ಮ ಹಳೇ ಕಕ್ಕಸು ಕಮೋಡಿಗಿಂತ ಒಳ್ಳೇದು. ಬಾಲ ಚುಚ್ತಾ ಇತ್ತು, ಉಗುರು ಕತ್ತರಿಯಲ್ಲಿ ಅರ್ಧ ತೆಗೆದೆ.

12 ಗಂಟೆಗಿಂತ ಹೆಚ್ಚು ಒಳಗೆ ಇಡಬಾರದು, ಜಾಸ್ತಿ ಹೋಗುವ ಎರಡನೇ ದಿನ ನಾನು ಆರು ಗಂಟೆಗೊಮ್ಮೆ ಖಾಲಿ ಮಾಡ್ತೇನೆ. ಉಳಿದ ದಿನ ಬೆಳಿಗ್ಗೆ ರಾತ್ರಿ ಎರಡು ಸಲ ಸಾಕು, ಸಂಜೆ ಹೋಗಿ ಬೆಳಗಾಗುವವರೆಗೆ ಯಕ್ಷಗಾನದ ಆಟ ನೋಡ್ಲಿಕ್ಕೆ ಕೂತ್ರೂ ಚಿಂತೆ ಇಲ್ಲ. ಆದ್ರೆ ಎರಡನೇ ದಿನವೇ ಮಂಗಳೂರಿಗೆ ಬಸ್ಸಲ್ಲಿ ಹೋಗಬೇಕಾಗಿ ಬಂದ್ರೆ ಈಗಲೂ ಜತೆಗೊಂದು ಬಟ್ಟೆ ಪ್ಯಾಡ್ ಹಾಕ್ತೇನೆ, ಬಸ್‌ಸ್ಟ್ಯಾಂಡಿನ ಪಾಯಖಾನೆಯಲ್ಲಿ ನಳ್ಳಿ ಇದ್ರೆ ನೀರಿಲ್ಲ, ನೀರಿದ್ರೆ ಚಿಲಕ ಇಲ್ಲ.

ಇನ್ನು ಕುದಿಸುವ ವಿಷಯ. ಪ್ರತಿ ತಿಂಗಳು ಶುರುವಿಗೆ ಐದು ನಿಮಿಷ ನೀರಲ್ಲಿ ಕುದಿಸಬೇಕು. ಗ್ಯಾಸ್ ಒಲೆಯ ಮೇಲೆ ಇಟ್ಟ ದಿನ ಅತ್ತೆ ಇಣುಕಿ ನೋಡಿ "ಇದೆಂತದು ಬೇಯಿಸುವುದು ನೀನು?" ಅಂತ ಕೇಳಿದ್ರು. ಹೇಳಿದೆ. ಮತ್ತೆ ಒಂದು ವಾರ ಅಡಿಗೆಮನೆಯಲ್ಲಿ ಮಾತಿಲ್ಲ. ಆಮೇಲೆ ಅವರೇ ಕಿವಿ ಮುರಿದ ಹಳೇ ಪಾತ್ರೆ ಒಂದು ತಂದು ಕೊಟ್ಟು, ಬಚ್ಚಲ ಒಲೆಯಲ್ಲಿ ಮಾಡಿಕೋ, ಈ ಒಲೆಗೆ ತರಬೇಡ ಅಂದ್ರು. ಈಗ ಅದು ಬಚ್ಚಲ ಮಾಡಿನಲ್ಲೇ ನೇತಾಡ್ತದೆ, ಎಲ್ಲರಿಗೂ ಸಮಾಧಾನ. ಮಳೆಗಾಲದಲ್ಲಿ ನಮ್ಮ ಬಾವಿ ನೀರು ಕೆಂಪಾಗ್ತದೆ, ಆಗ ಸೋಸಿದ ನೀರಲ್ಲೇ ಕುದಿಸ್ತೇನೆ.

ನಾಲ್ಕು ವರ್ಷದಲ್ಲಿ ಕಪ್ ಹೇಗಾಗಿದೆ ಅಂದ್ರೆ, ಬಣ್ಣ ಹಳದಿ ತಿರುಗಿದೆ, ಹರಿದಿಲ್ಲ, ಅಂಟಂಟಾಗಿಲ್ಲ. ಬಾಯಿಯ ಕೆಳಗಿನ ಸಣ್ಣ ತೂತುಗಳಲ್ಲಿ ಕಸ ಕೂರ್ತದೆ, ಕಪ್ಪಿಗೆ ನೀರು ತುಂಬಿಸಿ ಅಂಗೈ ಮುಚ್ಚಿ ಒತ್ತಿದ್ರೆ ತೂತಿನಿಂದ ಪಿಚಕಾರಿ ಹಾಗೆ ಚಿಮ್ಮಿ ಕ್ಲೀನ್. ಬಟ್ಟೆ ಚೀಲದಲ್ಲೇ ಇಡಿ, ಗಾಳಿ ಆಡದ ಡಬ್ಬಿಯಲ್ಲಿ ಬೇಡ. ಹತ್ತು ವರ್ಷದವರೆಗೂ ಬರ್ತದೆ ಅಂತಾರೆ, ನನ್ನದಕ್ಕೆ ಇನ್ನೂ ಆಯುಷ್ಯ ಉಂಟು. ದುಡ್ಡು ಆರು ತಿಂಗಳೊಳಗೇ ಹುಟ್ಟಿದೆ.

ಇದೆಂತ ಹೊಸ ಹುಚ್ಚು ಅನ್ನುವವರಿಗೆ: ನಮ್ಮ ಕೇರಳದ ಆಲಪ್ಪುಳದಲ್ಲಿ 2019ರಲ್ಲೇ ತಿಂಗಳ್ ಅಂತ ಯೋಜನೆ ಮಾಡಿ ಸರ್ಕಾರಿ ಕಂಪೆನಿ ಎಚ್‌ಎಲ್‌ಎಲ್ 5000 ಕಪ್ ಹಂಚಿತ್ತು, 2022ರ ಜನವರಿಯಲ್ಲಿ ಎರ್ನಾಕುಳಂ ಜಿಲ್ಲೆಯ ಕುಂಬಳಂಗಿ ಪಂಚಾಯತನ್ನು ನ್ಯಾಪ್ಕಿನ್ ಇಲ್ಲದ ಪಂಚಾಯತು ಅಂತ ಘೋಷಣೆ ಮಾಡಿದ್ರು. ಲ್ಯಾನ್ಸೆಟ್ ಪಬ್ಲಿಕ್ ಹೆಲ್ತ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ 2019ರಲ್ಲಿ 43 ಅಧ್ಯಯನ ಒಟ್ಟು ಹಾಕಿ ನೋಡಿದಾಗ, ಲೀಕ್ ಪ್ಯಾಡಿನಷ್ಟೇ ಅಥವಾ ಅದಕ್ಕಿಂತ ಕಡಿಮೆ, ಅಭ್ಯಾಸಕ್ಕೆ ಮಾತ್ರ ಕೆಲವು ತಿಂಗಳು ಬೇಕು ಅಂತ ಬಂತು. ನನ್ನ ಅನುಭವವೂ ಅದೇ.

ಬಸಿರು ನಿಲ್ಲದ ಹಾಗೆ ಗರ್ಭಕೋಶದೊಳಗೆ ಕಾಪರ್ ಟಿ ಹಾಕಿಸಿಕೊಂಡವರು ಡಾಕ್ಟರ ಹತ್ರ ಕೇಳದೆ ತಗೊಳ್ಳಬೇಡಿ, ಕಪ್ ತೆಗೆಯುವಾಗ ಅದೂ ಜಾರುವ ಸಾಧ್ಯತೆ ಉಂಟು. ಓರಗಿತ್ತಿ ಅದಕ್ಕೇ ಬಟ್ಟೆ ಪ್ಯಾಡಲ್ಲೇ ನಿಂತದ್ದು. ಮಗಳಿಗೆ ಕಪ್ ಬೇಡ್ವೇ ಬೇಡ, ಒತ್ತಾಯ ಮಾಡುವ ವಸ್ತುವೂ ಅಲ್ಲ. ಬೇಸಿಗೆಯಲ್ಲಿ ಬಟ್ಟೆಯದ್ದು, ಮಳೆಗಾಲದಲ್ಲಿ ಅಂಗಡಿ ಪ್ಯಾಡ್ ಅವಳದ್ದು, ಅದಕ್ಕೆ ಈಗಲೂ ಬಚ್ಚಲ ಒಲೆಯೇ ಗತಿ. ಮಳೆಗಾಲದಲ್ಲಿ ಬಟ್ಟೆ ಪ್ಯಾಡ್ ಒಣಗಿಸ್ಲಿಕ್ಕೆ ನಿಮ್ಮಲ್ಲಿ ಎಂತ ಮಾಡ್ತೀರಿ, ಗೊತ್ತಿದ್ದವರು ಹೇಳಿ.