ವ್ಯೂ ರೌಟರ್‌ನ ರೌಟ್ ಗಾರ್ಡ್‌ಗಳು: ಮೂರು ವರ್ಷಗಳ ಬಳಕೆಯ ಅನುಭವ

ಕಲಬುರಗಿಯ ಗಂಜಿನ (ಧಾನ್ಯ ಮಾರುಕಟ್ಟೆಯ) ಒಂದು ಅಡತ್ (ದಲ್ಲಾಳಿ) ಅಂಗಡಿಗೆ ತೊಗರಿಯ ಆವಕ, ತೂಕ ಮತ್ತು ಪಾವತಿಯ ಲೆಕ್ಕವಿಡುವ ವೆಬ್ ಅಪ್ಲಿಕೇಶನ್ ಬರೆದುಕೊಟ್ಟು ಮೂರು ವರ್ಷಗಳಾದವು. ಅದರಲ್ಲಿ ಯಾರು ಯಾವ ಪುಟವನ್ನು ನೋಡಬಹುದೆಂಬುದನ್ನು ಮೊದಲ ದಿನದಿಂದಲೂ, ವ್ಯೂ ಎಂಬ ಜಾವಾಸ್ಕ್ರಿಪ್ಟ್ ಚೌಕಟ್ಟಿನಲ್ಲಿ ಪುಟದಿಂದ ಪುಟಕ್ಕೆ ಒಯ್ಯುವ ವ್ಯೂ ರೌಟರ್‌ 4ರ ಗಾರ್ಡ್‌ಗಳೇ ನಿರ್ಧರಿಸುತ್ತಿವೆ. ಪುಟ ತೆರೆಯುವ ಮುನ್ನ ಓಡುವ ಈ ತಪಾಸಣೆಯ ಫಂಕ್ಷನ್, ಅಂದರೆ ಗಾರ್ಡ್, ಒಂದು ಮಾರ್ಗವನ್ನು (ಪುಟದ ವಿಳಾಸವನ್ನು) ಹಿಂದಿರುಗಿಸಿದರೆ ಬಳಕೆದಾರರು ಅಲ್ಲಿಗೆ ಹೋಗುತ್ತಾರೆ, ಫಾಲ್ಸ್ ಎಂದರೆ ಇದ್ದಲ್ಲೇ ಉಳಿಯುತ್ತಾರೆ, ಏನನ್ನೂ ಹಿಂದಿರುಗಿಸದಿದ್ದರೆ ಮುಂದೆ ಸಾಗುತ್ತಾರೆ. ಹಳೆಯ ಆವೃತ್ತಿಯಲ್ಲಿ ಮುಂದೆ ಸಾಗಲು ಬಿಡುವ ನೆಕ್ಸ್ಟ್ ಫಂಕ್ಷನ್ ಕರೆಯಲು ಮರೆತು ಪರದಾಡಿದವರಿಗೆ ಇದೇ ದೊಡ್ಡ ಸಮಾಧಾನ.

ಎರಡನೆಯ ವರ್ಷದ ಜನವರಿಯಲ್ಲಿ, ಆವಕ ಜೋರಾಗಿದ್ದ ಒಂದು ಬೆಳಿಗ್ಗೆ, ಅಂಗಡಿಯ ಗುಮಾಸ್ತರು ಫೋನ್ ಮಾಡಿ “ಸರ್, ಸ್ಕ್ರೀನ್ ಬೆಳ್ಳಗ ಆಗ್ಯಾದ್ರಿ, ಏನೂ ಬರವಲ್ದು” ಎಂದರು. ಬ್ರೌಸರಿನ ನೆಟ್‌ವರ್ಕ್ ಪಟ್ಟಿಯನ್ನು ತೆರೆದರೆ ಅದೇ ವಿನಂತಿ, ಅದೇ 401 (ಗುರುತು ದೃಢಪಟ್ಟಿಲ್ಲ) ಉತ್ತರ, ಸಾಲಿನ ಕೆಳಗೆ ಸಾಲು ಬೆಳೆಯುತ್ತಲೇ ಇತ್ತು. ತಪ್ಪು ನನ್ನದೇ. ರಾತ್ರಿ ಅವಧಿ ಮುಗಿದಿದ್ದ ಟೋಕನ್ (ಲಾಗಿನ್ ಆದವರ ಗುರುತಿನ ಚೀಟಿ) ಬ್ರೌಸರಿನ ಲೋಕಲ್ ಸ್ಟೋರೇಜ್‌ನಲ್ಲಿ ಹಾಗೆಯೇ ಉಳಿದಿತ್ತು. ಲಾಗಿನ್ ಪುಟದ ಗಾರ್ಡ್ ಅದನ್ನು ಕಂಡು, ಇವರು ಆಗಲೇ ಲಾಗಿನ್ ಆಗಿದ್ದಾರೆಂದು ಮುಖಪುಟಕ್ಕೆ ಕಳುಹಿಸುತ್ತಿತ್ತು, ಮುಖಪುಟದ ಗಾರ್ಡ್ ಸರ್ವರನ್ನು ಕೇಳಿ 401 ಪಡೆದು ಮತ್ತೆ ಲಾಗಿನ್‌ಗೆ ಅಟ್ಟುತ್ತಿತ್ತು. ಲಾಗಿನ್ ಪುಟಕ್ಕೇ ಹೋಗುತ್ತಿರುವವರನ್ನು ಪುನಃ ಲಾಗಿನ್‌ಗೆ ಕಳುಹಿಸಬಾರದೆಂಬ ಮೊದಲ ಪಾಠವನ್ನು ನಾನು ಪಾಲಿಸಿದ್ದೆ. ಆದರೆ ಒಂದು ಗಾರ್ಡ್ ಟೋಕನ್ನಿನ ಇರುವಿಕೆಯನ್ನು, ಇನ್ನೊಂದು ಸರ್ವರಿನ ಮಾತನ್ನು ನಂಬಿದ್ದರಿಂದ ಇಬ್ಬರ ನಡುವೆ ಗುಮಾಸ್ತರು ಚೆಂಡಾಗಿದ್ದರು.

401 ಬಂದೊಡನೆ ಮೊದಲು ಟೋಕನ್ ಅಳಿಸಿ, ಆಮೇಲೆ ಲಾಗಿನ್‌ಗೆ ಕಳುಹಿಸುವಂತೆ ಬದಲಿಸಿ, ಎರಡೂ ತೀರ್ಮಾನಗಳನ್ನು, ಪ್ರತಿ ಪುಟಕ್ಕೂ ಮೊದಲು ಓಡುವ ಒಂದೇ ಬೀಫೋರ್‌ಈಚ್‌ ಒಳಗೆ ತಂದೆ. ಪಾವತಿ ಪುಟದ ಅನುಮತಿ ಇಲ್ಲದವರನ್ನು ಮುಖಪುಟಕ್ಕೆ ತಳ್ಳುವ ಬದಲು, ಯಾವ ತಪಾಸಣೆಯೂ ಇಲ್ಲದ ‘ಅನುಮತಿ ಇಲ್ಲ’ ಎಂಬ ಪುಟಕ್ಕೆ ಕಳುಹಿಸುತ್ತಿದ್ದೇನೆ. ಮುಖಪುಟಕ್ಕೂ ನಾಳೆ ಒಂದು ನಿರ್ಬಂಧ ಬಂದರೆ ಅಲ್ಲಿಯೂ ಇದೇ ಸುತ್ತು ಶುರುವಾಗುತ್ತಿತ್ತು.

ಐದರಲ್ಲಿ ನಾಲ್ಕು ತಾರೆ ಕೊಡುತ್ತೇನೆ. ಕೊನೆಯಿಲ್ಲದ ಮರುನಿರ್ದೇಶನದ ಬಗ್ಗೆ ರೌಟರ್ ಎಚ್ಚರಿಸುವುದು ಡೆವಲಪ್‌ಮೆಂಟ್ ಬಿಲ್ಡ್‌ನಲ್ಲಿ (ಅಭಿವೃದ್ಧಿಯ ವೇಳೆ ಓಡಿಸುವ ಪ್ರತಿಯಲ್ಲಿ) ಮಾತ್ರ, ಅದೂ ಗಾರ್ಡ್ ಮತ್ತೆ ಮತ್ತೆ ಅದೇ ಮಾರ್ಗಕ್ಕೆ ಕಳುಹಿಸಿದಾಗ. ಎರಡು ಪುಟಗಳ ನಡುವಿನ ಓಡಾಟ ಅದರ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪ್ರತಿ ಬಿಡುಗಡೆಗೂ ಮೊದಲು ಲೋಕಲ್ ಸ್ಟೋರೇಜ್‌ಗೆ ಅವಧಿ ಮುಗಿದ ಟೋಕನ್ ಒಂದನ್ನು ಕೈಯಾರೆ ಹಾಕಿ, ಮುಖಪುಟವನ್ನು ತೆರೆದು, ಲಾಗಿನ್ ಪುಟ ಬಂದು ನಿಲ್ಲುವವರೆಗೂ ಕಾಯುತ್ತೇನೆ.