ಡಂಬಲ್ಡೋರ್ ಕೋಣೆ ನೋಡಲು ಲಂಡನ್ನಾ, ಒರ್ಲಾಂಡೋನಾ?

ಹ್ಯಾರಿ ಪಾಟರ್ ಕತೆಯ ಮಾಯಾಶಾಲೆ ಹಾಗ್ವರ್ಟ್ಸ್‌ನ ಹೆಡ್‌ಮಾಸ್ಟರ್ ಡಂಬಲ್ಡೋರ್ ಕೋಣೆ ಕಟ್ಟುಕಥೆಯದ್ದೇ. ಆದರೆ ಟಿಕೆಟ್ ತೆಗೆದರೆ ನೋಡಬಹುದು!

ಲಂಡನ್ ಹತ್ತಿರದ ಲೀವ್ಸ್‌ಡನ್‌ನಲ್ಲಿರುವ ವಾರ್ನರ್ ಬ್ರದರ್ಸ್ ಸ್ಟುಡಿಯೋ ಟೂರ್ 2012ರಲ್ಲಿ ಶುರುವಾಯಿತು. ಅಲ್ಲಿರುವುದು ಸಿನಿಮಾ ಶೂಟಿಂಗ್ ನಡೆದ ಅಸಲಿ ಸೆಟ್. ಗೋಡೆ ತುಂಬ ಹಳೆಯ ಹೆಡ್‌ಮಾಸ್ಟರ್‌ಗಳ ಚಿತ್ರಗಳು, ಹಲವರು ತೂಕಡಿಸುತ್ತಿದ್ದಾರೆ. ಕಪಾಟಿನಲ್ಲಿ ದಪ್ಪ ದಪ್ಪ ಮಂತ್ರದ ಪುಸ್ತಕಗಳು. ಅವುಗಳಲ್ಲಿ ಎಷ್ಟೋ ಹಳೆಯ ಟೆಲಿಫೋನ್ ಡೈರೆಕ್ಟರಿಗಳು, ಮೇಲೆ ಚರ್ಮದ ಹೊದಿಕೆ ಅಷ್ಟೇ! ಕತೆಯಲ್ಲಿ ನೆನಪುಗಳನ್ನು ತುಂಬಿಡುವ ಪುಟಾಣಿ ಸೀಸೆಗಳಿಗೆ ಒಂದೊಂದಕ್ಕೂ ಕೈಯಲ್ಲೇ ಬರೆದ ಚೀಟಿ. ಯಾರೂ ತಳ್ಳುವುದಿಲ್ಲ, ಕಣ್ತುಂಬ ನೋಡಬಹುದು. ಒಂದೇ ತೊಂದರೆ, ಟಿಕೆಟ್ ಮುಂಚೆಯೇ ಬುಕ್ ಮಾಡಿರಬೇಕು. ಗೇಟಿನಲ್ಲಿ ಕೊಡುವುದಿಲ್ಲ. ಲಂಡನ್ನಿನ ಯೂಸ್ಟನ್ ನಿಲ್ದಾಣದಿಂದ ವಾಟ್‌ಫರ್ಡ್ ಜಂಕ್ಷನ್‌ಗೆ ರೈಲು, ಅಲ್ಲಿಂದ ಬಸ್ಸು.

ಅಮೆರಿಕದ ಫ್ಲೋರಿಡಾದ ಒರ್ಲಾಂಡೋದಲ್ಲಿ ಕತೆಯೇ ಬೇರೆ. ಯೂನಿವರ್ಸಲ್ ಥೀಮ್ ಪಾರ್ಕಿನ ಹಾಗ್ವರ್ಟ್ಸ್ ಕೋಟೆಯೊಳಗೆ 2010ರಿಂದ ಒಂದು ರೈಡ್ ಇದೆ. ಅದರ ಕ್ಯೂ ಈ ಕೋಣೆಯ ಮೂಲಕ ಸಾಗುತ್ತದೆ. ಇದು ನಕಲು, ಆದರೆ ಇಲ್ಲಿ ಡಂಬಲ್ಡೋರ್ ಎದುರಿಗೇ ಪ್ರತ್ಯಕ್ಷವಾಗಿ ಮಾತಾಡುತ್ತಾರೆ (ಪ್ರೊಜೆಕ್ಷನ್ ಕೈಚಳಕ). ಮಕ್ಕಳು ಬಾಯಿಬಿಟ್ಟು ನೋಡುವುದು ಇಲ್ಲೇ. ಆದರೆ ಕ್ಯೂ ಮುಂದಕ್ಕೆ ಸರಿದರೆ ನೀವೂ ಸರಿಯಬೇಕು, ಅಲ್ವಾ? ಬೇಗ ಹೋಗೋಣ ಅಂತ ಸಿಂಗಲ್ ರೈಡರ್ (ಒಬ್ಬೊಬ್ಬರೇ ಹತ್ತುವವರ) ಸಾಲಿಗೆ ನುಗ್ಗಬೇಡಿ, ಕೋಣೆಯೇ ತಪ್ಪಿಹೋದೀತು. ರೈಡ್ ಹತ್ತಲು 122 ಸೆಂ.ಮೀ. ಎತ್ತರ ಬೇಕು.

ಪುಟ್ಟ ಮಗು ಜೊತೆಗಿದ್ದರೆ, ಅಥವಾ ಸೀಸೆಯ ಚೀಟಿ ಓದುತ್ತಾ ನಿಲ್ಲುವ ಜಾತಿ ನೀವಾದರೆ, ಲಂಡನ್ನೇ ಸರಿ. ಹೇಗೂ ಫ್ಲೋರಿಡಾದಲ್ಲಿ ನೆಂಟರಿದ್ದರೆ ಒರ್ಲಾಂಡೋಗೆ ಹೋಗಿ. ಸುಮ್ನೆ ಈ ಕೋಣೆಗೋಸ್ಕರ ಅಷ್ಟು ದೂರ ಹೋಗಬೇಡಿ.