ಟೇಲ್‌ಸ್ಕೇಲ್: ಆಫೀಸಿನ ನ್ಯಾಸ್ ಮನೆಯಿಂದ ಓಪನ್ ಮಾಡೋಕೆ ಒಂದು ವರ್ಷ ಬಳಸಿದ ಮೇಲೆ

ಶಿವಮೊಗ್ಗದಲ್ಲಿ ಒಂದು ಆಡಿಟರ್ ಆಫೀಸಲ್ಲಿ ಕೆಲಸ ಮಾಡ್ತೀನಿ, ಲೆಕ್ಕಪತ್ರದ ಜೊತೆ ಕಂಪ್ಯೂಟರ್, ಪ್ರಿಂಟರ್, ನೆಟ್ಟು ನೋಡ್ಕೊಳ್ಳೋದೂ ನನ್ನ ಪಾಲಿಗೇ ಬಂದಿದೆ. ಒಂಬತ್ತು ಜನ ಇದೀವಿ, ಅದರಲ್ಲಿ ಮೂರು ಜನ ಈಗ ಆಫೀಸಿಗೆ ಬರಲ್ಲ, ಒಬ್ರು ಬಾಣಂತನಕ್ಕೆ ಸಾಗರದ ಹತ್ರ ತವರುಮನೆಗೆ ಹೋದೋರು ಮಗು ಚಿಕ್ಕದು ಅಂತ ಅಲ್ಲಿಂದಲೇ ಕೆಲಸ ಮಾಡ್ತಿದಾರೆ, ಇನ್ನಿಬ್ರು ಬೆಂಗಳೂರಲ್ಲಿದಾರೆ. ಕ್ಲೈಂಟ್‌ಗಳ ಫೈಲೆಲ್ಲಾ ಇರೋದು ಆಫೀಸಿನ ಸಿನಾಲಜಿ ನ್ಯಾಸಲ್ಲಿ, ಅಂದ್ರೆ ನೆಟ್‌ವರ್ಕಿಗೆ ಸೇರಿಸಿಟ್ಟು ಎಲ್ಲರೂ ಬಳಸೋ ಡಿಸ್ಕ್ ಡಬ್ಬದಲ್ಲಿ, ಸಿನಾಲಜಿ ಅದರ ಕಂಪನಿ. ಪಾನು, ಆಧಾರು, ಬ್ಯಾಂಕ್ ಸ್ಟೇಟ್‌ಮೆಂಟು, ಕ್ರಯಪತ್ರದ ಸ್ಕ್ಯಾನು, ಎಲ್ಲಾ ಜನ ನಮ್ಮನ್ನ ನಂಬಿ ಕೊಟ್ಟಿರೋದು. ಹಾಗಾಗಿ ಈ ವಿಷಯದಲ್ಲಿ ನಾನು ಸ್ವಲ್ಪ ಜಾಸ್ತೀನೇ ತಲೆ ಕೆಡಿಸ್ಕೊಂಡಿದೀನಿ.

ಮೊದಲು ವಾಟ್ಸಾಪಲ್ಲಿ ಫೈಲ್ ಓಡಾಡ್ತಿತ್ತು. ಫೈನಲ್, ಫೈನಲ್ ಹೊಸದು, ಫೈನಲ್ ಸರ್ ನೋಡಿದ್ದು ಅಂತ ಒಂದೇ ಬ್ಯಾಲೆನ್ಸ್ ಶೀಟಿಗೆ ನಾಲ್ಕು ಹೆಸರು, ಒಂದು ಸಲ ಹಳೇದೇ ಸೈನಿಗೆ ಹೋಗಿ ಸರ್ ಕಣ್ಣಿಗೆ ಬಿದ್ದಿದ್ದಕ್ಕೆ ಬಚಾವಾದ್ವಿ. ಆಮೇಲೆ ಲೋಕಲ್ ಒಬ್ರು ಬಂದು ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್ನೆಟ್ ವಿಳಾಸ) ತಗೊಳ್ಳಿ ಅಂತ ತಗೊಳ್ಸಿ ರೂಟರಲ್ಲಿ 5000 ನಂಬರ್ ಪೋರ್ಟ್ ಫಾರ್ವರ್ಡ್ ಮಾಡಿ, ಅಂದ್ರೆ ಹೊರಗಿನಿಂದ ನ್ಯಾಸಿಗೆ ಒಂದು ಬಾಗಿಲು ತೆರೆದು ಹೋದ್ರು, ಎಲ್ಲಿಂದ ಬೇಕಾದ್ರೂ ಓಪನ್ ಆಗತ್ತೆ ಅಂದ್ರು, ಆಯ್ತು ಕೂಡ. ಹದಿನೈದು ದಿನ ಬಿಟ್ಟು ನ್ಯಾಸಿನ ಲಾಗ್ ತೆಗೆದು ನೋಡಿದ್ರೆ ರಾತ್ರಿ ಎರಡು ಗಂಟೆಗೆ, ಮೂರು ಗಂಟೆಗೆ, ನಿಮಿಷಕ್ಕೊಂದರಂತೆ 'ಅಡ್ಮಿನ್' ಅನ್ನೋ ಹೆಸರಲ್ಲಿ ಲಾಗಿನ್ ಫೇಲ್, ಲಾಗಿನ್ ಫೇಲ್ ಅಂತ ಪುಟಗಟ್ಟಲೆ, ಪ್ರತಿ ಸಲಾನೂ ಬೇರೆ ಐಪಿ. ಮೈ ಜುಂ ಅಂತು. ಸಿನಾಲಜೀಲಿ 5000 ಅಂದ್ರೆ ಎನ್‌ಕ್ರಿಪ್ಶನ್ ಇಲ್ಲದ ಪೋರ್ಟು, ಅದಿರೋದು 5001ರಲ್ಲಿ, ಅಂದ್ರೆ ನಮ್ಮೋರು ಹೊರಗಿನಿಂದ ಟೈಪ್ ಮಾಡಿದ ಪಾಸ್‌ವರ್ಡೂ ಮುಚ್ಚುಮರೆ ಇಲ್ಲದೇ ಹೋಗ್ತಿತ್ತು. 2022ರ ಜನವರೀಲಿ ಡೆಡ್‌ಬೋಲ್ಟ್ ಅನ್ನೋ ರ‍್ಯಾನ್ಸಮ್‌ವೇರ್ ಹೀಗೇ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ನ್ಯಾಸ್ ಡಬ್ಬಗಳಿಗೆ ನುಗ್ಗಿ ಫೈಲೆಲ್ಲಾ ಲಾಕ್ ಮಾಡಿ ಒಬ್ಬೊಬ್ಬರ ಹತ್ರ 0.03 ಬಿಟ್‌ಕಾಯಿನ್ ಕೇಳಿತ್ತು. ಅವತ್ತು ಸಂಜೇನೇ ಪೋರ್ಟ್ ಮುಚ್ಚಿದೆ.

ಅದಾದ ಮೇಲೆ ಹಾಕಿದ್ದು ಟೇಲ್‌ಸ್ಕೇಲ್, ದೂರದೂರದ ಕಂಪ್ಯೂಟರುಗಳನ್ನ ಒಂದೇ ಖಾಸಗಿ ನೆಟ್‌ವರ್ಕಿಗೆ ಸೇರಿಸೋ ಸಾಫ್ಟ್‌ವೇರು. ಒಳಗಿರೋದು ವೈರ್‌ಗಾರ್ಡ್, 2020ರಲ್ಲಿ ಲಿನಕ್ಸ್ ಕರ್ನಲ್ 5.6ಕ್ಕೇ ಸೇರಿದ ವಿಪಿಎನ್, ಅಂದ್ರೆ ಇಂಟರ್ನೆಟ್ ಮೇಲೇ ಎನ್‌ಕ್ರಿಪ್ಟ್ ಆದ ಖಾಸಗಿ ದಾರಿ. ಬರೀ ವೈರ್‌ಗಾರ್ಡೇ ಹಾಕ್ಕೋಬಹುದು, ಆದ್ರೆ ಅದಕ್ಕೆ ಮತ್ತೆ ಒಂದು ಪೋರ್ಟ್ ತೆಗೀಬೇಕು, ಪ್ರತಿ ಲ್ಯಾಪ್‌ಟಾಪಿನ ಕೀ (ಮೆಷಿನ್ನಿನ ಗುರುತಿನ ಸಂಕೇತ) ಕೈಯಾರೆ ಹಾಕಬೇಕು, ನೆಟ್ಟಿನೋರು ಒಂದೇ ಪಬ್ಲಿಕ್ ಐಪೀನ ಹತ್ತಾರು ಮನೆಗೆ ಹಂಚಿದ್ರೆ ಒಳಗೆ ಬರೋಕೆ ದಾರೀನೇ ಇರಲ್ಲ. ಟೇಲ್‌ಸ್ಕೇಲಲ್ಲಿ ಏನಾಗತ್ತೆ ಅಂದ್ರೆ ನ್ಯಾಸು, ಲ್ಯಾಪ್‌ಟಾಪು ಎರಡೂ ಒಳಗಿನಿಂದ ಹೊರಗೆ ಕನೆಕ್ಟ್ ಆಗ್ತವೆ, ಟೇಲ್‌ಸ್ಕೇಲ್ ಕಂಪನಿಯ ಸರ್ವರ್ ಎರಡಕ್ಕೂ ಪರಿಚಯ ಮಾಡಿಸತ್ತೆ ಅಷ್ಟೇ, ಆಮೇಲೆ ಅವೆರಡೇ ನೇರವಾಗಿ ಮಾತಾಡ್ಕೊಳ್ತವೆ, ಪ್ರೈವೇಟ್ ಕೀ ಆಯಾ ಮೆಷಿನ್ ಬಿಟ್ಟು ಆಚೆ ಹೋಗಲ್ಲ. ನೇರ ದಾರಿ ಸಿಗಲಿಲ್ಲ ಅಂದ್ರೆ ಆ ಕಂಪನಿಯ ರಿಲೇ, ಅಂದ್ರೆ ಮಧ್ಯದ ಸರ್ವರ್ ಮೂಲಕ ಹೋಗತ್ತೆ, ಆಗ ನಿಧಾನ, ಆದ್ರೂ ಎನ್‌ಕ್ರಿಪ್ಟ್ ಆಗೇ ಇರತ್ತೆ.

ನ್ಯಾಸಿನ ಪ್ಯಾಕೇಜ್ ಸೆಂಟರಲ್ಲೇ ಸಿಗತ್ತೆ, ಹಾಕೋಕೆ ಅರ್ಧ ಗಂಟೆ ಸಾಕು. ನ್ಯಾಸಿಗೆ 100ರಿಂದ ಶುರುವಾಗೋ ಒಂದು ಐಪಿ ಬರತ್ತೆ, ಲ್ಯಾಪ್‌ಟಾಪಲ್ಲಿ ಅದಕ್ಕೆ ಝೆಡ್ ಡ್ರೈವ್ ಮ್ಯಾಪ್ ಮಾಡಿದ್ರೆ ಮುಗೀತು, ನ್ಯಾಸಿನ ಫೋಲ್ಡರ್ ಲ್ಯಾಪ್‌ಟಾಪಿನದೇ ಡಿಸ್ಕ್ ಥರ ಕಾಣತ್ತೆ. ಹೋದ ಜುಲೈ 20, ಜಿಎಸ್‌ಟಿಯ 3ಬಿ ರಿಟರ್ನ್ ಹಾಕೋ ಕೊನೇ ದಿನ, ಸಾಗರದ ಕಡೆ ಮಳೆ ಹೊಡೀತಿತ್ತು, ಕರೆಂಟ್ ಹೋಗಿ ಮನೆ ವೈಫೈ ಆಫ್ ಆಯ್ತು, ಆಯಮ್ಮ ಮೊಬೈಲ್ ಹಾಟ್‌ಸ್ಪಾಟ್ ಆನ್ ಮಾಡ್ಕೊಂಡು ಫೋನ್ ಮಾಡಿದ್ರು. ನನಗೆ ಎದೆ ಧಸಕ್ ಅಂತು. "ಅಣ್ಣ, ಝೆಡ್ ಡ್ರೈವ್ ಹಾಗೇ ಇದೆ, ಮತ್ತೆ ಲಾಗಿನ್ ಕೇಳಲೇ ಇಲ್ಲ" ಅಂತ ಹೇಳೋಕೆ ಮಾಡಿದ್ದಂತೆ. ವೈಫೈ ಬಿಟ್ಟು ಮೊಬೈಲ್ ನೆಟ್ಟಿಗೆ ಹೋದ್ರೂ ವೈರ್‌ಗಾರ್ಡ್ ಹಿಂಬಾಲಿಸ್ಕೊಂಡು ಬರತ್ತೆ, ಮಲೆನಾಡಲ್ಲಿ ಮಳೆಗಾಲಕ್ಕೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೇನಿದೆ.

ಆದ್ರೆ ಟ್ಯಾಲಿ (ಲೆಕ್ಕ ಬರೆಯೋ ಸಾಫ್ಟ್‌ವೇರ್) ಡೇಟಾ ಮಾತ್ರ ಈ ಡ್ರೈವಿಂದ ನೇರ ಓಪನ್ ಮಾಡಬೇಡಿ, ದಯವಿಟ್ಟು. ವಿಂಡೋಸ್ ಫೈಲ್ ಶೇರಿಂಗ್ ಒಂದು ಫೋಲ್ಡರ್ ತೋರಿಸೋಕೂ ಸಾಕಷ್ಟು ಸಲ ಹೋಗಿಬಂದು ಮಾಡತ್ತೆ, ಆಫೀಸೊಳಗೆ ಅದು ಗೊತ್ತಾಗಲ್ಲ, ದೂರದಿಂದ ಪ್ರತಿಯೊಂದಕ್ಕೂ ಕಾಯಬೇಕು. ಪಿಡಿಎಫ್, ಎಕ್ಸೆಲ್ ಎಲ್ಲಾ ಆರಾಮಾಗಿ ಬರತ್ತೆ, ಟ್ಯಾಲಿ ಮಾತ್ರ ಒದ್ದಾಡತ್ತೆ, ಮಧ್ಯೆ ಲೈನ್ ಕಟ್ಟಾದ್ರೆ ಡೇಟಾ ಕೆಡೋ ಭಯ ಬೇರೆ. ನಾವು ಅದಕ್ಕೆ ಆಫೀಸಿನ ಒಂದು ಪೀಸೀಗೆ ರಿಮೋಟ್ ಡೆಸ್ಕ್‌ಟಾಪ್ ಕೊಟ್ಟಿದೀವಿ, ಅಂದ್ರೆ ಅದರ ಸ್ಕ್ರೀನ್ ಮನೇಲಿ ನೋಡ್ಕೊಂಡು ಕೆಲಸ ಮಾಡೋದು, ಅದೂ ಟೇಲ್‌ಸ್ಕೇಲ್ ಒಳಗೇ. ಆ ಪೀಸೀಲಿ ವಿಂಡೋಸ್ ಪ್ರೋ ಇರಬೇಕು, ಹೋಮಲ್ಲಿ ಆಗಲ್ಲ. ಫೈಲ್ ಆಫೀಸಿಂದ ಹೊರಗೆ ಹೋಗೋದ್ರಿಂದ ಸ್ಪೀಡ್ ವಿಷಯಕ್ಕೆ ನೋಡಬೇಕಾಗಿದ್ದು ಆಫೀಸಿನ ಅಪ್‌ಲೋಡು, ಡೌನ್‌ಲೋಡಲ್ಲ.

ಇನ್ನೊಂದು, ಹಾಕಿದ ತಕ್ಷಣ ಎಲ್ಲಾ ಮೆಷಿನ್ನೂ ಎಲ್ಲಾ ಮೆಷಿನ್ನಿಗೆ ಹೋಗಬಹುದು ಅಂತಿರತ್ತೆ, ಅದನ್ನ ಹಾಗೇ ಬಿಡಬೇಡಿ. ರೂಲ್ಸ್ ಬರೆಯೋ ಜಾಗದಲ್ಲಿ ಸ್ಟಾಫಿಗೆ ಫೈಲ್ ಶೇರಿಂಗಿಗೆ ನ್ಯಾಸಿನ 445 ಪೋರ್ಟು, ರಿಮೋಟ್ ಡೆಸ್ಕ್‌ಟಾಪಿಗೆ ಆ ಒಂದು ಪೀಸೀಯ 3389, ಇಷ್ಟೇ ಅಂತ ಬರೆದಿಟ್ಟಿದೀನಿ. ನಾನು ಬರೆದ ಜಾಗ ಕೋಡ್ ಥರ ಇತ್ತು, ಬ್ರಾಕೆಟ್ಟು ಕಾಮಾ ಎಲ್ಲಾ ಸರಿ ಇರಬೇಕು, ಕಂಪ್ಯೂಟರ್ ಅಷ್ಟು ಗೊತ್ತಿಲ್ಲದೋರಿಗೆ ಕಷ್ಟಾನೇ. ಪ್ರತಿ ಮೆಷಿನ್ನಿನ ಕೀ 180 ದಿನಕ್ಕೆ ಎಕ್ಸ್‌ಪೈರ್ ಆಗತ್ತೆ, ಲ್ಯಾಪ್‌ಟಾಪಿಗೆ ಅದು ಒಳ್ಳೇದೇ, ನ್ಯಾಸಿಗೆ ಮಾತ್ರ ಆ ಎಕ್ಸ್‌ಪೈರಿ ಆಫ್ ಮಾಡಿಟ್ಕೊಳ್ಳಿ, ಇಲ್ಲ ಅಂದ್ರೆ ಒಂದಿನ ಎಲ್ಲರಿಗೂ ಕಟ್ಟಾಗತ್ತೆ. ಲಾಗಿನ್ ಗೂಗಲ್, ಮೈಕ್ರೋಸಾಫ್ಟ್ ಥರದ ಅಕೌಂಟಿಂದ ಆಗೋದು, ಆ ಅಕೌಂಟಿಗೆ ಎರಡನೇ ಹಂತದ ವೆರಿಫಿಕೇಶನ್ ಇಲ್ಲ ಅಂದ್ರೆ ಉಳಿದ ಬಂದೋಬಸ್ತೆಲ್ಲಾ ನೀರಲ್ಲಿ ಹೋಮ.

ವಿಪಿಎನ್ ಇದೆ ಅಂತ ವೈರಸ್ ಬರಲ್ಲ ಅಂತಲ್ಲ, ಮನೆ ಲ್ಯಾಪ್‌ಟಾಪಿಗೆ ಏನಾದ್ರೂ ಹತ್ತಿದ್ರೆ ಝೆಡ್ ಡ್ರೈವಲ್ಲಿರೋದನ್ನೂ ಅದು ಲಾಕ್ ಮಾಡಬಹುದು. ಅದಕ್ಕೇ ನ್ಯಾಸಲ್ಲಿ ದಿನಾ ಸ್ನ್ಯಾಪ್‌ಶಾಟ್ (ಫೈಲುಗಳು ಆ ಹೊತ್ತಲ್ಲಿ ಇದ್ದ ಸ್ಥಿತಿಯ ದಾಖಲೆ) ಇಟ್ಟಿದೀನಿ, ವಾರಕ್ಕೊಂದ್ಸಲ ಯುಎಸ್‌ಬಿ ಡಿಸ್ಕಿಗೆ ಕಾಪಿ ತೆಗೆದು ಡಿಸ್ಕ್ ಬಿಚ್ಚಿ ಬೀರುವಲ್ಲಿ ಇಡ್ತೀನಿ. ಒಬ್ಬೊಬ್ಬರಿಗೆ ಅವರವರ ಕ್ಲೈಂಟ್ ಫೋಲ್ಡರ್ ಮಾತ್ರ ಕಾಣೋ ಹಾಗೆ ನ್ಯಾಸಲ್ಲಿ ಪರ್ಮಿಶನ್ನೂ ಬೇರೆ ಬೇರೆ.

ಐದಕ್ಕೆ ನಾಲ್ಕೂವರೆ ಕೊಡ್ತೀನಿ, ಅರ್ಧ ಕಳೆದಿದ್ದು ಆ ರೂಲ್ಸ್ ಬರೆಯೋ ಜಾಗಕ್ಕೆ. ಬೆಂಗಳೂರಿನ ಇಬ್ಬರಲ್ಲಿ ಒಬ್ಬ ಮೊನ್ನೆ ಕೆಲಸ ಬಿಟ್ಟ, ಒಳ್ಳೇ ಹುಡುಗ, ಹೇಳೇ ಹೋದ. ಅವತ್ತೇ ಸಂಜೆ ಟೇಲ್‌ಸ್ಕೇಲಿಂದ ಅವನ ಯೂಸರ್ರೂ ಲ್ಯಾಪ್‌ಟಾಪೂ ತೆಗೆದೆ, ನ್ಯಾಸಿನ ಅಕೌಂಟ್ ಡಿಸೇಬಲ್ ಮಾಡಿದೆ, ಅವನಿಗೇ ಫೋನ್ ಮಾಡಿ ಡ್ರೈವ್ ಓಪನ್ ಮಾಡಿ ನೋಡು ಅಂದೆ. "ಆಗ್ತಿಲ್ಲ ಸರ್" ಅಂದ.